ಚಿಪ್ ಮತ್ತು ಚಿಪ್ಪು

ತೀರ್ಥಹಳ್ಳಿಯ ಏಳನೇ ತರಗತಿಯ ಹುಡುಗನೊಬ್ಬ ಅಂಚೆ ಕಾರ್ಡು ಬರೆದಿದ್ದಾನೆ. ಈಗಲೂ ಕಾರ್ಡು ಬರೆಯುವ ಮಕ್ಕಳಿದ್ದಾರೆ ಅನ್ನುವುದೇ ನನ್ನಂಥ ಮುದುಕನಿಗೆ ಹಬ್ಬ. ಅವನು ಕೇಳಿದ್ದು ಇಷ್ಟು: “ಅಜ್ಜಾ, ಮೆದುಳಿನೊಳಗೆ ಚಿಪ್ ಇಡಿಸಿಕೊಂಡರೆ ಮಗ್ಗಿ ಬಾಯಿಪಾಠ ಮಾಡುವುದೇ ಬೇಡ ಅಂತ ನಮ್ಮಣ್ಣ ಹೇಳುತ್ತಾನೆ. ನಿಜವಾ? ಎಷ್ಟು ಖರ್ಚಾಗುತ್ತದೆ? ಅದಕ್ಕೆ ಬ್ಯಾಂಕಿನಲ್ಲಿ ಸಾಲ ಕೊಡುತ್ತಾರಾ?”

ಮೂವತ್ತೆಂಟು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವನು ನಾನು. ಹಾಗಾಗಿ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ: ಕೊಡುವುದಿಲ್ಲ ಮಾರಾಯ. ಉಳಿದದ್ದಕ್ಕೆ ಸ್ವಲ್ಪ ಸುತ್ತಿ ಬರಬೇಕು. ನಾನಿರುವ ಸಾಗರದಿಂದ ನಿನ್ನ ತೀರ್ಥಹಳ್ಳಿಗೆ ಹೊಸನಗರದ ಮೇಲೆ ಒಂದು ದಾರಿ ಇದೆಯಲ್ಲ, ಈ ಉತ್ತರವೂ ಹೊಸನಗರದ ಮೇಲೆಯೇ ಬರುತ್ತದೆ.

ಹೊಸನಗರ ತಾಲ್ಲೂಕಿನ ನಮ್ಮ ಮೂಲದೂರಿನಲ್ಲಿ ನನ್ನ ದಾಯಾದಿ ತಮ್ಮನ ಮೊಮ್ಮಗಳೊಬ್ಬಳಿದ್ದಾಳೆ. ಈಗ ಎರಡನೇ ತರಗತಿ. ಅವಳಿಗೆ ಒಂದು ವರ್ಷವಾಗಿದ್ದಾಗ ಮನೆಯವರೆಲ್ಲ ಊರಿನ ಯಕ್ಷಗಾನಕ್ಕೆ ಹೋಗಿದ್ದರು. ಜಾಗ ಸಿಗದೆ ಭಾಗವತರ ಪಕ್ಕದಲ್ಲೇ, ಚಂಡೆಗೆ ಹತ್ತು ಮೊಳ ದೂರದಲ್ಲಿ ಕೂತರು. ರಾಕ್ಷಸನ ಪ್ರವೇಶಕ್ಕೆ ಚಂಡೆ ಗುಡುಗಿದಾಗ ಅಕ್ಕಪಕ್ಕದ ಕೂಸುಗಳೆಲ್ಲ ಚೀರಿದವು. ಈ ಕೂಸು ಮಾತ್ರ ಅಜ್ಜಿಯ ತೊಡೆಯ ಮೇಲೆ ನಿದ್ದೆ ಮಾಡುತ್ತಲೇ ಇತ್ತು. “ಎಷ್ಟು ಒಳ್ಳೆ ಕೂಸು” ಅಂದರು ಎಲ್ಲರೂ. ಅಜ್ಜಿ ಏನೂ ಅನ್ನಲಿಲ್ಲ. ಮನೆಗೆ ಬಂದು ಮಗುವಿನ ಬೆನ್ನ ಹಿಂದೆ ನಿಂತು ಹಿತ್ತಾಳೆ ತಟ್ಟೆಗೆ ಸೌಟಿನಿಂದ ಹೊಡೆದು ನೋಡಿದರು. ಮಗು ತಿರುಗಲಿಲ್ಲ.

ಶಿವಮೊಗ್ಗದಲ್ಲಿ ತೋರಿಸಿ, ಅಲ್ಲಿಂದ ಮೈಸೂರಿಗೆ ಹೋದರು. ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿಗಾಗಿಯೇ 1960ರ ದಶಕದಲ್ಲಿ ಶುರುವಾದ ಸಂಸ್ಥೆ. ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರೈಲನ್ನು ಸಾಗರದಲ್ಲಿ ಹತ್ತಿಕೊಂಡು ಆ ತಾಯಿ ಎಷ್ಟು ಸಲ ಹೋಗಿಬಂದಳೋ ನಾನು ಲೆಕ್ಕ ಇಟ್ಟಿಲ್ಲ. ಕೂಸಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಶಸ್ತ್ರಚಿಕಿತ್ಸೆಯಾಗಿ ಕಿವಿಯೊಳಗೆ ‘ಕಾಕ್ಲಿಯರ್ ಇಂಪ್ಲಾಂಟ್’ ಕೂತಿತು. ಮೆದುಳಿಗೆ ಚಿಪ್ ಹಾಕುತ್ತಾರಂತೆ ಎಂದು ಅಮೆರಿಕದ ಸುದ್ದಿ ಓದಿ ಬಾಯಿ ಬಿಡುತ್ತೇವಲ್ಲ, ಅದರ ದೊಡ್ಡಪ್ಪ ನಮ್ಮ ಅಡಿಕೆ ತೋಟದಲ್ಲಿ ಕುಂಟೆಬಿಲ್ಲೆ ಆಡಿಕೊಂಡಿದೆ!

ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ. ಶಬ್ದ ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಮೂಳೆಗಳನ್ನು ದಾಟಿ, ಬಟಾಣಿ ಕಾಳಿನಷ್ಟು ದೊಡ್ಡ ಒಂದು ಸುರುಳಿಯೊಳಗೆ ಹೋಗುತ್ತದೆ. ಸುಮಾರು ಎರಡೂವರೆ ಸುತ್ತು. ಅದರ ಹೆಸರೇ ಕಾಕ್ಲಿಯ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಬಸವನಹುಳು. ಮಳೆಗಾಲದಲ್ಲಿ ನಮ್ಮ ಅಂಗಳದ ತುಂಬ ಹರಿದಾಡುತ್ತದಲ್ಲ, ಅದೇ. ಆ ಸುರುಳಿಯೊಳಗೆ ಸುಮಾರು 15,000 ಕೂದಲಿನಂಥ ಕೋಶಗಳು ಶಬ್ದದ ಅಲುಗಾಟವನ್ನು ವಿದ್ಯುತ್ತಿನ ಸುದ್ದಿ ಮಾಡಿ ನರಕ್ಕೆ ಕೊಡುತ್ತವೆ. ನರ ಅದನ್ನು ಮೆದುಳಿಗೆ ಒಯ್ಯುತ್ತದೆ. ಹುಟ್ಟಾ ಕಿವುಡಾದ ಅನೇಕ ಮಕ್ಕಳಲ್ಲಿ ಈ ಕೋಶಗಳು ಕೆಲಸ ಮಾಡುವುದಿಲ್ಲ, ಆದರೆ ನರ ಸರಿಯಾಗಿಯೇ ಇರುತ್ತದೆ. ಹಳ್ಳದ ಮೇಲಿನ ಕಾಲುಸಂಕ ಕೊಚ್ಚಿಹೋಗಿದೆ, ಆಚೆಯ ರಸ್ತೆ ಚೆನ್ನಾಗಿಯೇ ಇದೆ ಅನ್ನುವ ಹಾಗೆ. ಇಂಪ್ಲಾಂಟ್ ಅಂದರೆ ಹೊಸ ಕಾಲುಸಂಕ. ಕಿವಿಯ ಹಿಂದಿನ ಯಂತ್ರ ಶಬ್ದವನ್ನು ಹಿಡಿದು, ಲೆಕ್ಕ ಹಾಕಿ, ಚರ್ಮದಾಚೆಗೆ ಒಳಗಿರುವ ತುಣುಕಿಗೆ ಕಳಿಸುತ್ತದೆ. ಒಳಗಿನ ತಂತಿ ಸುರುಳಿಯೊಳಗಿನಿಂದ ನರವನ್ನು ತಟ್ಟುತ್ತದೆ. ಹೆಚ್ಚು ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ತಟ್ಟುವ ಬಿಂದುಗಳು ಬರೀ 22.

ಆ ತಂತಿಯನ್ನು ಬಸವನಹುಳುವಿನೊಳಗೆ ತೂರಿಸುವುದೇ ದೊಡ್ಡ ತಲೆನೋವಾಗಿತ್ತು. ಆಸ್ಟ್ರೇಲಿಯದ ಗ್ರೇಮ್ ಕ್ಲಾರ್ಕ್ ಎಂಬ ವೈದ್ಯರ ತಂದೆ ಔಷಧಿ ಅಂಗಡಿ ಇಟ್ಟಿದ್ದರು, ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಗಿರಾಕಿಗಳು ಔಷಧಿಯ ಹೆಸರನ್ನು ಕೂಗಿ ಹೇಳುವುದನ್ನು ನೋಡುತ್ತ ಬೆಳೆದ ಮಗ ಕಿವಿಯ ಡಾಕ್ಟರಾದ. 1977ರಲ್ಲಿ ರಜೆಗೆಂದು ಸಮುದ್ರತೀರಕ್ಕೆ ಹೋದಾಗ ಅವರಿಗೊಂದು ಸುರುಳಿ ಚಿಪ್ಪು ಸಿಕ್ಕಿತು. ಪಕ್ಕದಲ್ಲಿದ್ದ ಹುಲ್ಲಿನೆಳೆಗಳನ್ನು ಒಂದೊಂದಾಗಿ ಅದರೊಳಗೆ ತೂರಿಸಿ ನೋಡಿದರು. ಬುಡ ಗಟ್ಟಿಯಾಗಿದ್ದು ತುದಿ ಮೆತ್ತಗಿದ್ದ ಹುಲ್ಲು ಸುತ್ತಿಕೊಂಡು ಒಳಗೆ ಹೋಯಿತು. ಸರಿ, ತಂತಿಯನ್ನೂ ಹಾಗೆಯೇ ಮಾಡಿಸಿದರು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ಅವರ ಮೊದಲ ರೋಗಿಗೆ ಶಸ್ತ್ರಚಿಕಿತ್ಸೆಯಾಯಿತು. ಚಿಪ್‌ಗೆ ದಾರಿ ತೋರಿಸಿದ್ದು ಚಿಪ್ಪು. ಮಕ್ಕಳೇ, ಮುಂದಿನ ಸಲ ಹುಲ್ಲಿನೊಂದಿಗೆ ಆಡುವಾಗ ಅಮ್ಮ ಬೈದರೆ ಈ ಕತೆ ಹೇಳಿ.

ಈಗ ನನ್ನ ಹುಡುಗನ ಪ್ರಶ್ನೆಗೆ ಹತ್ತಿರದ ಮಾತು. 15,000 ಎಲ್ಲಿ, 22 ಎಲ್ಲಿ? ಯಾವ ಲೆಡ್ಜರಿನಲ್ಲೂ ಈ ಲೆಕ್ಕ ತಾಳೆಯಾಗುವುದಿಲ್ಲ. ತಾಳೆ ಮಾಡುವುದು ಮೆದುಳು. ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಮೇಲೆ ಯಂತ್ರವನ್ನು ಚಾಲೂ ಮಾಡಿದ ದಿನ ನಮ್ಮ ಕೂಸು ನಗಲಿಲ್ಲ, ಹೆದರಿ ಅತ್ತಿತು. ಅದಕ್ಕೆ ಕೇಳಿದ್ದು ಮಾತಲ್ಲ, ಬರೀ ಗದ್ದಲ. ಗದ್ದಲದೊಳಗಿನಿಂದ ಮಾತನ್ನು ಹೆಕ್ಕುವುದನ್ನು ಚಿಪ್ ಕಲಿಸಲಿಲ್ಲ. ಮೈಸೂರಿನಲ್ಲಿ ಮಗುವಿನ ಜೊತೆ ತಾಯಿಗೂ ಪಾಠ ಹೇಳಿದರು. ಊರಿಗೆ ಬಂದ ಮೇಲೆ ಅಜ್ಜಿ ಆ ಪಾಠವನ್ನು ಹಿಡಿದುಕೊಂಡರು. ದೋಸೆ ಹೊಯ್ಯುವಾಗ ‘ದೋಸೆ’, ಕೊಟ್ಟಿಗೆಗೆ ಹೋದರೆ ‘ಹಸು’, ಚೊಂಬು ಬಿದ್ದರೆ ‘ಚೊಂಬು ಬಿತ್ತು, ಠಣ್’. ದಿನಕ್ಕೆ ನೂರು ಸಲ, ತಿಂಗಳುಗಟ್ಟಲೆ. ಆ ಮನೆಗೆ ಹೋದರೆ ನಮಗೇ ತಲೆ ಚಿಟ್ಟು ಹಿಡಿಯುತ್ತಿತ್ತು. ಎಂಟು ತಿಂಗಳ ಮೇಲೆ ಒಂದು ಸಂಜೆ ಕೂಸು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕರುವಿಗೆ ‘ಬಾ’ ಎಂದಿತು. ಅಜ್ಜಿ ನನಗೆ ಫೋನು ಮಾಡಿದವರು ಒಂದು ನಿಮಿಷ ಮಾತೇ ಆಡಲಿಲ್ಲ.

ಖರ್ಚು ಕೇಳಿದ್ದೀಯಲ್ಲ. ಹಲವು ಲಕ್ಷ. ಬಡ ಕುಟುಂಬದ ಐದು ವರ್ಷದೊಳಗಿನ ಮಕ್ಕಳಿಗೆ ಕೇಂದ್ರ ಸರ್ಕಾರದ ಎ.ಡಿ.ಐ.ಪಿ. ಯೋಜನೆಯಲ್ಲಿ ಹಾಕಿಸುತ್ತಾರೆ. ಆದರೆ ಹಾಕಿಸಿದ ಮೇಲಿನ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ. ಬ್ಯಾಟರಿ, ವೈರು, ತುಂಡಾದ ಸುರುಳಿ. ಮತ್ತೆ ನಮ್ಮ ಮಳೆ! ಆಗುಂಬೆಯ ಈಚೆಗಿನ ಊರಿನಲ್ಲಿ ಜುಲೈ ತಿಂಗಳು ಬಂದರೆ ಹಪ್ಪಳಕ್ಕೇ ಬೂಸ್ಟು ಹಿಡಿಯುತ್ತದೆ, ಇನ್ನು ಯಂತ್ರದ ಪಾಡೇನು? ಪ್ರತಿ ರಾತ್ರಿ ಅದನ್ನು ತೇವ ಹೀರುವ ಹರಳಿನ ಡಬ್ಬಿಯಲ್ಲಿಟ್ಟು ಮಲಗಿಸುತ್ತಾರೆ. ಯಂತ್ರ ತೆಗೆದ ಮೇಲೆ ಕೂಸಿಗೆ ಗುಡುಗೂ ಇಲ್ಲ, ಸಿಡಿಲೂ ಇಲ್ಲ. ಮನೆಮಂದಿಯೆಲ್ಲ ಎದ್ದು ಕೂತಿದ್ದರೂ ಅವಳೊಬ್ಬಳು ಹಾಯಾಗಿ ನಿದ್ದೆ ಮಾಡುತ್ತಾಳೆ.

ಅವಳು ಹಾಗೆ ಮಲಗಿರುವುದನ್ನು ನೋಡಿದಾಗ ನನಗೆ ನಮ್ಮಕ್ಕನ ನೆನಪಾಗುತ್ತದೆ.

ಅಕ್ಕ 1947ರಲ್ಲಿ ಅದೇ ಮನೆಯಲ್ಲಿ ಹುಟ್ಟಿದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುಟ್ಟಾ ಕಿವುಡಿ. ಊರು ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ, ‘ಮೂಗಿ’ ಅಂತಲೇ ಕರೆಯಿತು. ಶಾಲೆಗೆ ಕಳಿಸಲಿಲ್ಲ. ಬೆಳಗ್ಗೆ ನಾನು ಚೀಲ ನೇತುಹಾಕಿಕೊಂಡು ಹೊರಟರೆ ದಣಪೆಯವರೆಗೆ ಬಂದು ನಿಲ್ಲುತ್ತಿದ್ದಳು. ಅವಳದ್ದೇ ಒಂದು ಕೈಭಾಷೆ ಇತ್ತು. ನನ್ನ ಹಣೆಯಲ್ಲೊಂದು ಗಾಯದ ಗುರುತಿದೆ. ಎರಡು ಬೆರಳನ್ನು ಹಣೆಗಿಟ್ಟರೆ ಅದು ನಾನು. ನಾನು ಬ್ಯಾಂಕಿಗೆ ಸೇರಿದ ಮೇಲೆ ಹಣೆಯ ಬೆರಳನ್ನು ಇಳಿಸಿ ನೋಟು ಎಣಿಸುವ ಹಾಗೆ ಹೆಬ್ಬೆರಳು ಉಜ್ಜಿ ತೋರಿಸುತ್ತಿದ್ದಳು. ಬಸ್ಸು ತಿರುವಿಗೆ ಬರುವ ಮೊದಲೇ ಅವಳಿಗೆ ಅಂಗಾಲಿನಿಂದ ತಿಳಿಯುತ್ತಿತ್ತು. ನಮಗೆ ಕಿವಿಯಿದ್ದೂ ತಿಳಿಯುತ್ತಿರಲಿಲ್ಲ.

ಹಳೆಯ ಗುಮಾಸ್ತನ ಚಟ, ತಾರೀಖುಗಳನ್ನು ಎದುರುಬದುರು ಇಟ್ಟು ನೋಡುವುದು. 1957ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಜೂರ್ನೋ ಮತ್ತು ಶಾರ್ಲ್ ಏರಿಯೆಸ್ ಎಂಬ ಇಬ್ಬರು ಕಿವಿ ಪೂರ್ತಿ ಹೋದ ಒಬ್ಬ ಮನುಷ್ಯನ ಶ್ರವಣ ನರದ ಹತ್ತಿರ ತಂತಿ ಇಟ್ಟು ಶಬ್ದದ ಅರಿವು ಮೂಡಿಸಿದರು. ಅದೇ ವರ್ಷ ನಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಾಯಿತು. ಮಂಗನ ಕಾಯಿಲೆಯ ಸುದ್ದಿ ನಮ್ಮೂರಿಗೆ ಬಂತು, ಪ್ಯಾರಿಸ್ಸಿನ ಸುದ್ದಿ ಬರಲಿಲ್ಲ. ಅಕ್ಕನಿಗೆ ಆಗ ಹತ್ತು ವರ್ಷ. ಮೈಸೂರಿನ ಸಂಸ್ಥೆ ಶುರುವಾಗುವ ಹೊತ್ತಿಗೆ ಅವಳು ಹದಿನೆಂಟು ದಾಟಿದ್ದಳು. ಅವಳಿಗೆ ಮೂವತ್ತೇಳಾದಾಗ, ನನ್ನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲದಲ್ಲಿ, ಒಬ್ಬ ವೈದ್ಯರಿಗೆ ತೋರಿಸಿದೆ. ಅವರು ಸಮಾಧಾನದಿಂದ ಹೇಳಿದರು: ಮೊದಲ ಕೆಲವು ವರ್ಷ ಶಬ್ದ ಬಾರದಿದ್ದರೆ ಮೆದುಳಿನಲ್ಲಿ ಕಿವಿಗೆಂದು ಇರುವ ಜಾಗವನ್ನು ಕಣ್ಣು ಮೊದಲಾದವು ಬಳಸಿಕೊಳ್ಳುತ್ತವೆ, ಈಗ ಶಬ್ದ ತಲುಪಿದರೂ ಅದು ಮಾತಾಗುವುದು ಕಷ್ಟ. ಆಮೇಲೆ ಕೇಳಿದರು, “ಅವರ ಸನ್ನೆ ಮನೆಯಲ್ಲಿ ಎಷ್ಟು ಜನಕ್ಕೆ ಬರುತ್ತದೆ?” ನಾನು ಲೆಕ್ಕ ಹಾಕಿದೆ. ಅಮ್ಮ ತೀರಿಹೋಗಿದ್ದರು. ನನಗೊಬ್ಬನಿಗೆ, ಅದೂ ಅರೆಬರೆ. ಅದು ಕೂಡ ಒಂದು ಭಾಷೆ, ಕಲಿಯಬೇಕಾದವರು ನಾವು ಎಂದು ನಮಗೆ ಹೊಳೆದೇ ಇರಲಿಲ್ಲ. ಈಗ ಇಂಪ್ಲಾಂಟ್ ಹಾಕಿಸಲು ಆಗದ ಮಗು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಸನ್ನೆ ಭಾಷೆ ಕಲಿಯಿರಿ. ಈ ಮಾತನ್ನು ವಿಶೇಷವಾಗಿ ಅಜ್ಜ ಅಜ್ಜಿಯರಿಗೆ ಹೇಳುತ್ತಿದ್ದೇನೆ, ಹೊತ್ತು ಇರುವುದು ನಮಗೇ ಅಲ್ಲವೇ?

ಕಿವಿಯ ಯಂತ್ರ ಮೆದುಳಿನ ಹೊಸ್ತಿಲಲ್ಲಿ ನಿಂತು ಬಾಗಿಲು ತಟ್ಟುವಂಥದ್ದು. ಇನ್ನೊಂದು ಜಾತಿಯದ್ದು ಹೊಸ್ತಿಲು ದಾಟಿ ಒಳಗೇ ಹೋಗುತ್ತದೆ. ಅದಕ್ಕೆ ನನ್ನದೇ ಒಂದು ತಪ್ಪಿನ ಕತೆ ಹೇಳಬೇಕು.

ಎಂಬತ್ತರ ದಶಕದಲ್ಲಿ ತೀರ್ಥಹಳ್ಳಿ ಕಡೆಯ ಶಾಖೆಯೊಂದರಲ್ಲಿದ್ದೆ. ನಿವೃತ್ತ ಮೇಷ್ಟ್ರೊಬ್ಬರು ತಿಂಗಳ ಮೊದಲ ವಾರ ಪಿಂಚಣಿ ತೆಗೆಯಲು ಬರುತ್ತಿದ್ದರು. ಅವರ ಅಕ್ಷರ ಅಂದರೆ ಮುತ್ತು. ಊರಿನ ಅರ್ಧ ಜನಕ್ಕೆ ಸಹಿ ಹಾಕಲು ಕಲಿಸಿದವರೇ ಅವರು. ಬರಬರುತ್ತ ಅವರ ಸಹಿ ಸಣ್ಣದಾಗತೊಡಗಿತು. ಮೊದಲಕ್ಷರ ಸರಿ, ಮುಂದೆ ಹೋಗುತ್ತ ಇರುವೆ ಸಾಲಿನ ಹಾಗೆ. ನಾನು ನಮೂನೆ ಸಹಿಯ ಕಾರ್ಡು ತೆಗೆದು ಪಕ್ಕದಲ್ಲಿಟ್ಟು ನೋಡಿ “ಮೇಷ್ಟ್ರೇ, ಹೊಂದುತ್ತಿಲ್ಲ” ಎಂದು ಫಾರಂ ವಾಪಸು ಕೊಟ್ಟೆ. ಒಂದು ಸಲವಲ್ಲ, ಮೂರು ಸಲ. ಕೊನೆಗೆ ಹೆಬ್ಬೆಟ್ಟು ಒತ್ತಿ ಅಂದೆ. ಅವರು ಇಂಕ್ ಪ್ಯಾಡನ್ನೇ ಸ್ವಲ್ಪ ಹೊತ್ತು ನೋಡಿದರು. ಒತ್ತಿದರು. ಮುಂದಿನ ತಿಂಗಳಿಂದ ಅವರ ಮಗ ಬರತೊಡಗಿದ. ಪಾರ್ಕಿನ್‌ಸನ್ ಕಾಯಿಲೆ ಬಂದರೆ ಕೈ ನಡುಗುವುದಷ್ಟೇ ಅಲ್ಲ, ಅಕ್ಷರ ಕಿರಿದಾಗುತ್ತ ಹೋಗುತ್ತದೆ ಎಂದು ನನಗೆ ತಿಳಿದದ್ದು ನಿವೃತ್ತನಾದ ಮೇಲೆ.

ಅದೇ ದಶಕದಲ್ಲಿ, 1987ರಲ್ಲಿ, ಫ್ರಾನ್ಸಿನ ಗ್ರೆನೋಬಲ್ ಎಂಬ ಊರಿನಲ್ಲಿ ಬೆನಾಬಿಡ್ ಎಂಬ ವೈದ್ಯರು ಮೆದುಳಿನ ಆಳದಲ್ಲಿ ತಂತಿಯಿಟ್ಟು, ಬೇಗ ಬೇಗ ಸಣ್ಣ ವಿದ್ಯುತ್ ಮಿಡಿತ ಕೊಟ್ಟರೆ ನಡುಕ ನಿಲ್ಲುತ್ತದೆಂದು ಕಂಡುಕೊಂಡಿದ್ದರು. ಸೆಕೆಂಡಿಗೆ ನೂರಕ್ಕೂ ಹೆಚ್ಚು ಮಿಡಿತ. ಬ್ಯಾಟರಿ ಇರುವುದು ಎದೆಯ ಚರ್ಮದಡಿ. ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಎಷ್ಟೋ ಸಲ ರೋಗಿಯನ್ನು ಎಚ್ಚರವಾಗಿಯೇ ಇಟ್ಟು “ಕೈ ಎತ್ತಿ, ಬೆರಳು ಆಡಿಸಿ” ಎಂದು ಕೇಳುತ್ತ ತಂತಿಯ ಜಾಗ ನೋಡುತ್ತಾರಂತೆ. ಕಾಯಿಲೆ ಹೋಗುವುದಿಲ್ಲ, ಎಲ್ಲರಿಗೂ ಆಗಿಬರುವುದೂ ಇಲ್ಲ. ಆದರೆ ಲೋಟದ ಕಾಫಿ ಚೆಲ್ಲದೆ ಕುಡಿಯುವುದು ಏನು ಸಣ್ಣ ಸಂಗತಿಯೇ?

ಈಗ ಮೂರನೆಯ ಜಾತಿ, ನೀನು ಮೊಬೈಲಿನಲ್ಲಿ ನೋಡಿದ್ದು. ಇದು ಮೆದುಳಿಗೆ ಹೇಳುವುದಿಲ್ಲ, ಮೆದುಳು ಹೇಳುವುದನ್ನು ಕೇಳಿಸಿಕೊಳ್ಳುತ್ತದೆ. 2004ರಲ್ಲಿ ಅಮೆರಿಕದಲ್ಲಿ ಕುತ್ತಿಗೆಯ ಕೆಳಗೆ ಲಕ್ವ ಹೊಡೆದಿದ್ದ ಯುವಕನೊಬ್ಬನ ಮೆದುಳಿನ ಮೇಲ್ಪದರದಲ್ಲಿ ನಾಲ್ಕು ಮಿಲಿಮೀಟರ್ ಅಗಲದ, ಸೂಜಿಗಳ ಪುಟ್ಟ ಹಾಸಿಗೆಯಂಥ ಚಿಪ್ ಇಟ್ಟರು. ಕೈ ಆಡಿಸಬೇಕು ಎಂದು ಅವನು ಯೋಚಿಸಿದರೆ ಕಂಪ್ಯೂಟರಿನ ಪರದೆಯಲ್ಲಿ ಬಾಣ ಓಡಾಡಿತು. 2024ರ ಜನವರಿಯಲ್ಲಿ ಎಲಾನ್ ಮಸ್ಕ್ ಅವರ ನ್ಯೂರಾಲಿಂಕ್ ಕಂಪನಿ ಮೊದಲ ಮನುಷ್ಯನಿಗೆ ಹಾಕಿದ ಯಂತ್ರದಲ್ಲಿ ಕೂದಲಿಗಿಂತ ತೆಳುವಾದ 64 ಎಳೆ, 1024 ಬಿಂದು. ಆತ ಮನಸ್ಸಿನಲ್ಲೇ ಚದುರಂಗ ಆಡಿದ. ಕೆಲವು ವಾರಗಳಲ್ಲಿ ಹಲವು ಎಳೆಗಳು ಜಾಗ ಬಿಟ್ಟು ಹಿಂದೆ ಸರಿದವು. ಸಾಫ್ಟ್‌ವೇರ್ ತಿದ್ದಿ ನಿಭಾಯಿಸಿದರು. ಮೆದುಳು ಮೊಸರಿನಷ್ಟು ಮೆತ್ತಗೆ, ಅದರೊಳಗೆ ತಂತಿ ನಿಲ್ಲಿಸುವುದು ಹುಡುಗಾಟವಲ್ಲ.

ಇವೆಲ್ಲದರಲ್ಲಿ ನನ್ನ ಮನಸ್ಸು ಹಿಡಿದದ್ದು 2021ರ ಒಂದು ಕೆಲಸ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅದನ್ನು ಮುನ್ನಡೆಸಿದವರಲ್ಲಿ ಒಬ್ಬರು ಕೃಷ್ಣ ಶೆಣೈ. ಶೆಣೈ ಅಂದ ಕೂಡಲೇ ಘಟ್ಟದ ಕೆಳಗಿನ, ಪೇಟೆ ಬೀದಿಯ ಅಂಗಡಿಗಳ ಬೋರ್ಡು ಕಣ್ಣ ಮುಂದೆ ಬರುತ್ತದೆ. ಇವರು ಹುಟ್ಟಿದ್ದು ಅಮೆರಿಕದಲ್ಲಿ. ಪಾಪ, 2023ರಲ್ಲಿ ಐವತ್ತೈದೂ ತುಂಬದೆ ತೀರಿಕೊಂಡರು. ಅವರ ತಂಡಕ್ಕೆ ಸಿಕ್ಕಿದ್ದು 65 ವರ್ಷದ ಒಬ್ಬ ಹಿರಿಯರು, 2007ರಿಂದ ಕೈಕಾಲು ಆಡದವರು. “ಕೈಯಲ್ಲಿ ಪೆನ್ನು ಇದೆ ಅಂದುಕೊಳ್ಳಿ, ಕಾಗದದ ಮೇಲೆ ಬರೆಯಿರಿ” ಎಂದರು. ಕೈ ಅಲುಗಲಿಲ್ಲ, ಆದರೆ ಮೆದುಳು ಬರೆಯಿತು. ಚಿಪ್ ಅದನ್ನು ಓದಿ ಪರದೆಯ ಮೇಲೆ ಮೂಡಿಸಿತು, ನಿಮಿಷಕ್ಕೆ 90 ಅಕ್ಷರ. ಅಷ್ಟು ವರ್ಷ ಕೈ ಕಟ್ಟಿ ಕೂತಿದ್ದರೂ ಅಕ್ಷರ ಎಲ್ಲಿಗೂ ಹೋಗಿರಲಿಲ್ಲ! ಅದನ್ನು ಓದಿದ ರಾತ್ರಿ ನನಗೆ ಮೇಷ್ಟ್ರ ಇರುವೆ ಸಾಲಿನ ಸಹಿ ಬಹಳ ಹೊತ್ತು ಕಾಡಿತು. ಅವರ ಕಾಯಿಲೆ ಬೇರೆ, ಇವರ ತೊಂದರೆ ಬೇರೆ, ಗೊತ್ತು. ಆದರೂ ನಾನು ಕಾರ್ಡು ಹಿಡಿದು ತಾಳೆ ನೋಡಿದ್ದು ಬೆರಳನ್ನು, ಮೇಷ್ಟ್ರನ್ನಲ್ಲ.

ಒಂದು ತಮಾಷೆ ಹೇಳುತ್ತೇನೆ. ನೆಟ್ಟಗಿನ ಗೀಟುಗಳಿಗಿಂತ ಬಳುಕುವ ಅಕ್ಷರಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಆ ಕಂಪ್ಯೂಟರಿಗೆ ಸುಲಭವಾಯಿತಂತೆ. ಹಾಗಾದರೆ ನಮ್ಮ ದುಂಡು ಕನ್ನಡಕ್ಕೆ ಅನುಕೂಲವೇ ಸರಿ. ಆದರೆ ಇಂಗ್ಲಿಷಿನ 26 ಅಕ್ಷರ ಎಲ್ಲಿ, ನಮ್ಮ ಕಾಗುಣಿತ ಎಲ್ಲಿ! ‘ಪ’ಗೂ ‘ಷ’ಗೂ ಒಂದು ಗೆರೆಯ ಅಂತರ, ಮೇಲೆ ಒತ್ತಕ್ಷರ ಬೇರೆ. ಆ ಯಂತ್ರವನ್ನು ಕೂರಿಸಿಕೊಂಡು ಕನ್ನಡ ತಿದ್ದಿಸುವವರು ಸ್ಟ್ಯಾನ್‌ಫರ್ಡ್‌ನಿಂದ ಬರುವುದಿಲ್ಲ. ಏಳನೇ ತರಗತಿಯ ಹುಡುಗನೊಬ್ಬ ದೊಡ್ಡವನಾಗಿ ಮಾಡಬಹುದು.

ಅಲ್ಲಿಂದ ಈಚೆಗೆ ಮಾತಿನ ಸರದಿ. 2024ರಲ್ಲಿ ಕ್ಯಾಲಿಫೋರ್ನಿಯದಲ್ಲಿ, ನರಗಳ ಕಾಯಿಲೆಯಿಂದ ಮಾತು ತೊದಲಿ ಯಾರಿಗೂ ಅರ್ಥವಾಗದಂತಾಗಿದ್ದ 45 ವರ್ಷದ ಒಬ್ಬರ ಮೆದುಳಿನಿಂದ ಮಾತನ್ನು ಓದಿ, ಕಾಯಿಲೆಗೆ ಮೊದಲಿನ ಅವರದೇ ದನಿಯಲ್ಲಿ ಕಂಪ್ಯೂಟರ್ ಆಡಿ ತೋರಿಸಿತು. ನೂರಕ್ಕೆ 97 ಮಾತು ಸರಿ. ಇಷ್ಟಾದರೂ ಇಂಥವು ಇನ್ನೂ ಪ್ರಯೋಗಗಳೇ, ಅಂಗಡಿಯಲ್ಲಿ ಸಿಗುವುದಿಲ್ಲ. ಸಾಲ ಇಲ್ಲ ಅಂದದ್ದು ಅದಕ್ಕೇ.

ನನಗೊಂದು ಅಳುಕೂ ಇದೆ. ಕುರುಡರ ಕಣ್ಣಿನೊಳಗೆ ಇಡುವ ‘ಆರ್ಗಸ್’ ಎಂಬ ಯಂತ್ರವನ್ನು ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡಿದ್ದರು. ಕಂಪನಿ ಕಷ್ಟಕ್ಕೆ ಸಿಕ್ಕಿ ಆ ಯಂತ್ರವನ್ನೇ ಕೈಬಿಟ್ಟಿತು. ಕೆಟ್ಟರೆ ರಿಪೇರಿ ಮಾಡುವವರಿಲ್ಲ, ಕಣ್ಣೊಳಗಿಂದ ತೆಗೆಸುವುದೂ ಸುಲಭವಲ್ಲ. ಪಂಪ್‌ಸೆಟ್ ಕಂಪನಿ ಮುಚ್ಚಿದರೆ ಬೇರೆ ಪಂಪು ತರಬಹುದು. ತಲೆಯೊಳಗೆ ಇಡುವವರು ಐವತ್ತು ವರ್ಷದ ಬಿಡಿಭಾಗಕ್ಕೆ ಯಾರು ಹೊಣೆ ಎಂಬುದನ್ನು ಮೊದಲು ಬರೆದುಕೊಡಬೇಕು. ಅದಿಲ್ಲದ ಕಾಗದಕ್ಕೆ ನಾನಂತೂ ಸಹಿ ಹಾಕುವುದಿಲ್ಲ.

ಇನ್ನು ಮಗ್ಗಿ. ಇಲ್ಲ ಮಗಾ, ಮಗ್ಗಿಯನ್ನು ಒಳಗೆ ತುಂಬುವ ಚಿಪ್ ಯಾರ ಹತ್ತಿರವೂ ಇಲ್ಲ. ಆ ಹಿರಿಯರ ಚಿಪ್ ಅವರು ಚಿಕ್ಕಂದಿನಲ್ಲಿ ತಿದ್ದಿ ಕಲಿತ ಅಕ್ಷರವನ್ನೇ ಓದಿತು. ಕಲಿತಿರದಿದ್ದರೆ ಓದಲು ಅಲ್ಲೇನೂ ಇರುತ್ತಿರಲಿಲ್ಲ. ನಿಮ್ಮಣ್ಣನಿಗೆ ಹದಿನೇಳರ ಮಗ್ಗಿ ಒಪ್ಪಿಸಲು ಹೇಳು, ಸಂಶಯ ಬರುತ್ತಿದೆ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಮಳೆ ಇನ್ನೂ ಹಿಡಿದಿರಲಿಲ್ಲ. ಸಂಜೆ ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದಾಗ ಕೂಸು ಪಕ್ಕದಲ್ಲಿ ಕೂತು ಪುಸ್ತಕಕ್ಕೆ ಬಣ್ಣ ಹಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ತಲೆಯೆತ್ತಿ, “ಅಜ್ಜಾ, ಅದೆಂತ ಸದ್ದು?” ಎಂದಳು.

“ಯಾವುದು?”

“ಜೀಂ ಅಂತಿದ್ಯಲ್ಲ, ಇಡೀ ಗುಡ್ಡ.”

ನಾನು ಕಿವಿಗೊಟ್ಟೆ. ವಯಸ್ಸಾದ ಮೇಲೆ ಮೊದಲು ಹೋಗುವುದು ತೀಕ್ಷ್ಣ ಸ್ವರಗಳಂತೆ. ನನಗೆ ಏನೂ ಕೇಳಿಸಲಿಲ್ಲ. ಒಳಗಿನಿಂದ ಅವಳ ಅಜ್ಜಿ, “ಜೀರುಂಡೆ ಅದು, ಮಳೆ ಕರೀತಾ ಇದೆ” ಅಂದರು. ಕೂಸು ಆ ಶಬ್ದವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಿತು. ಆಮೇಲೆ ನನ್ನ ಮುಖ ನೋಡಿ, ನನಗೆ ಕೇಳುತ್ತಿಲ್ಲ ಎಂದು ಗೊತ್ತಾಗಿ, ಎದ್ದು ಬಂದು ನನ್ನ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಯಿತು. ದಣಪೆಯ ಹತ್ತಿರ ನಿಲ್ಲಿಸಿ ಗುಡ್ಡದ ಕಡೆ ಬೆರಳು ತೋರಿಸಿ, “ಈಗ ಕೇಳ್ತಾ?” ಎಂದು ಕೇಳಿತು.